ಆಮೆಗೆ ಎಷ್ಟು ಅಡಿ ಗಾಜು ಬೇಕು?

ಕಳೆದ ದೀಪಾವಳಿಗೆ ಊರಿಗೆ, ಅಂದರೆ ಹರಪನಹಳ್ಳಿ ತಾಲ್ಲೂಕಿನ ತೆಲಿಗಿಗೆ ಹೋಗಿದ್ದಾಗ ನೆಂಟರೊಬ್ಬರು ಫೋನಿನಲ್ಲಿ ಚಿತ್ರ ತೋರಿಸಿದರು. ಎರಡು ಅಡಿಯ ಮೀನಿನ ತೊಟ್ಟಿ, ತಳದಲ್ಲಿ ಬಣ್ಣದ ಕಲ್ಲು, ಮೂರು ಬೆರಳು ನೀರು, ಆ ನೀರಿನಲ್ಲಿ ಒಂದು ನಕ್ಷತ್ರ ಆಮೆ. ಹೊಲದ ಬದುವಿನಲ್ಲಿ ಸಿಕ್ಕಿತಂತೆ. "ಮನಿಗೆ ಒಳ್ಳೇದು. ಇಷ್ಟು ಸಾಕಾಕೈತೋ, ಇನ್ನೂ ದೊಡ್ಡ ಟ್ಯಾಂಕು ತರ್ಬೇಕೋ? ಓದಿದವನು ನೀನು, ಹೇಳು" ಎಂದರು. ನಾನು ಓದುತ್ತಿರುವುದು ಕನ್ನಡ ಸಾಹಿತ್ಯ. ಪಿಎಚ್.ಡಿ. ಅಂದರೆ ಎಲ್ಲ ಗೊತ್ತಿರಬೇಕೆಂಬ ನಂಬಿಕೆ ಊರಿನಲ್ಲಿ ಇನ್ನೂ ಉಳಿದಿದೆ.

ಈ ಸಲ ಉತ್ತರ ಗೊತ್ತಿತ್ತು. ನಕ್ಷತ್ರ ಆಮೆಗೆ ಸರಿಯಾದ ಟ್ಯಾಂಕು ಎಂಬುದೇ ಇಲ್ಲ. ಅದು ಈಜುವ ಪ್ರಾಣಿಯಲ್ಲ, ಕುರುಚಲು ಹುಲ್ಲಿನಲ್ಲಿ ನಡೆಯುವ ಪ್ರಾಣಿ. ಆಳದ ನೀರಿನಲ್ಲಿ ಮುಳುಗಿ ಸಾಯುತ್ತದೆ. ಕಿಟಕಿ ಪಕ್ಕ ಇಟ್ಟರೆ ಬಿಸಿಲು ಸಿಗುತ್ತದಲ್ಲ ಅನ್ನುತ್ತಾರೆ. ಗಾಜು ಬೆಳಕನ್ನು ಬಿಡುತ್ತದೆ, ಬಿಸಿಯನ್ನು ಒಳಗೆ ಕೂಡಿಹಾಕುತ್ತದೆ. ವಿಟಮಿನ್ ಡಿ ತಯಾರಾಗಲು ಬೇಕಾದ ಅತಿನೇರಳೆ ಕಿರಣವನ್ನು ಮಾತ್ರ ಹೊರಗೇ ತಡೆಯುತ್ತದೆ. ಆಗ ತಿಂದ ಸುಣ್ಣದಂಶ ಮೈಗೆ ಹತ್ತುವುದಿಲ್ಲ, ಮೂಳೆ ಬಾಗುತ್ತದೆ, ಚಿಪ್ಪು ಮೆತ್ತಗಾಗುತ್ತದೆ.

ಇದು ಪುಸ್ತಕದಿಂದ ಮೊದಲು ತಿಳಿದದ್ದಲ್ಲ. ಒಂಬತ್ತು ವರ್ಷದವನಿದ್ದಾಗ ನಾನೂ ಒಂದನ್ನು ಪ್ಲಾಸ್ಟಿಕ್ ಬುಟ್ಟಿಯಲ್ಲಿಟ್ಟು ಅನ್ನ, ಟೊಮೆಟೊ ಹಾಕಿ ಸಾಕಿದ್ದೆ. ಚಿಪ್ಪನ್ನು ಬೆರಳಿನಿಂದ ಒತ್ತಿದರೆ ತಗ್ಗುತ್ತಿತ್ತು. ಅದು ನನಗೆ ಆಟವಾಗಿತ್ತು. ನಾಲ್ಕು ತಿಂಗಳಿಗೆ ಸತ್ತಿತು.

ಸಾಹಿತ್ಯದವರಾದ ನಮ್ಮದೂ ಇದರಲ್ಲಿ ಪಾಲಿದೆ. ಅಂಗಗಳನ್ನು ಒಳಗೆಳೆದುಕೊಳ್ಳುವ ಆಮೆಯನ್ನು ಭಗವದ್ಗೀತೆ ಸ್ಥಿತಪ್ರಜ್ಞನಿಗೆ ಹೋಲಿಕೆಯಾಗಿ ತಂದಿತು. ನಾವು ಆ ಹೋಲಿಕೆಯನ್ನು ತರಗತಿಯಲ್ಲಿ ಹೇಳುತ್ತಲೇ ಬಂದೆವು. ತೊಟ್ಟಿಯ ಮೂಲೆಯಲ್ಲಿ ತಲೆ ಒಳಗೆಳೆದು ಕೂತ ಆಮೆಯನ್ನು ಕಂಡು "ಎಷ್ಟು ಶಾಂತವಾಗಿದೆ" ಅನ್ನುವವರಿದ್ದಾರೆ. ಅದು ಶಾಂತಿಯಲ್ಲ, ಹೆದರಿಕೆ ಅಥವಾ ಕಾಯಿಲೆ.

ಇನ್ನು ರಕ್ಷಕರು. ಗಾಯಗೊಂಡ ಹಾವನ್ನೋ ಉಡವನ್ನೋ ಅರಣ್ಯ ಇಲಾಖೆಗೆ ಒಪ್ಪಿಸುವ ಮುನ್ನ ಪೆಟ್ಟಿಗೆಯಲ್ಲಿ ಇಡಲೇಬೇಕು, ಒಪ್ಪುತ್ತೇನೆ. ಆದರೆ ಆ ಪೆಟ್ಟಿಗೆ ಆಸ್ಪತ್ರೆಯ ಹಾಸಿಗೆ. ಗೋಡೆ ಆಚೆ ಕಾಣದಂತಿರಬೇಕು, ಗಾಳಿಯಾಡಬೇಕು, ಅಡಗಲು ಜಾಗ ಬೇಕು, ಒಂದು ತುದಿ ಬೆಚ್ಚಗೆ ಇನ್ನೊಂದು ತಂಪಗೆ ಇರಬೇಕು, ತೊಳೆಯಲು ಸುಲಭವಿರಬೇಕು. ಪಾರದರ್ಶಕ ಡಬ್ಬಿ ನೋಡುವವರಿಗೆ ಅನುಕೂಲ, ಒಳಗಿನ ಜೀವಕ್ಕಲ್ಲ. ಕಾಣದ ತಡೆಗೆ ಮೂತಿ ಉಜ್ಜಿ ಉಜ್ಜಿ ಗಾಯ ಮಾಡಿಕೊಳ್ಳುವ ಹಾವನ್ನು ವಿಡಿಯೊ ಮಾಡುವವರು ರಕ್ಷಕರಲ್ಲ.

ಟ್ಯಾಂಕಿನ ಪ್ರಶ್ನೆ ನ್ಯಾಯವಾಗುವುದು ಅಂಗಡಿಯ ಕೆಂಗಿವಿ ಆಮೆಯ ವಿಷಯದಲ್ಲಿ. ಅಮೆರಿಕದ್ದು, ನೀರಿನದ್ದು, ಕೊಳ್ಳುವಾಗ ನಾಣ್ಯದಷ್ಟಿರುತ್ತದೆ, ಬೆಳೆದರೆ ಊಟದ ತಟ್ಟೆಯಷ್ಟು, ಆಯಸ್ಸು ಇಪ್ಪತ್ತು ಮೂವತ್ತು ವರ್ಷ. ಅಂಗಡಿಯವನು ಕೊಡುವ ತೊಟ್ಟಿ ಮರಿಯ ಅಳತೆಯದು. ಬೆಳೆದ ಮೇಲೆ ಕೆರೆಗೆ ಬಿಡುತ್ತಾರೆ, ಅಲ್ಲಿ ಅದು ನಮ್ಮ ಆಮೆಗಳ ಜಾಗ, ಆಹಾರ ಎರಡಕ್ಕೂ ಪೈಪೋಟಿಗಿಳಿಯುತ್ತದೆ.

ನೆಂಟರಿಗೆ ಕಾನೂನನ್ನೂ ಹೇಳಿದೆ. 2022ರ ತಿದ್ದುಪಡಿಯ ನಂತರ ನಕ್ಷತ್ರ ಆಮೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ಹಿಡಿದರೆ ಮೂರರಿಂದ ಏಳು ವರ್ಷ ಜೈಲು. "ಹಂಗಾರ ದೂರ ಎಲ್ಲಾರ ಬಿಟ್ಟು ಬರ್ತೀನಿ" ಎಂದರು. ಅದೂ ಬೇಡ, ತೊಟ್ಟಿಯ ರೋಗ ಅಲ್ಲಿನ ಆಮೆಗಳಿಗೆ ಅಂಟೀತು, ಇಲಾಖೆಗೇ ಒಪ್ಪಿಸಿ ಅಂದೆ. ತಲೆಯಾಡಿಸಿದರು.

ಸಂಕ್ರಾಂತಿಗೆ ಫೋನು ಮಾಡಿ ಕೇಳಿದೆ. ಹೊಸ ಟ್ಯಾಂಕು ತಂದಿದ್ದಾರಂತೆ, ಮೂರು ಅಡಿಯದು. ಈ ವಾರ ನಾನೇ ಇಲಾಖೆಗೆ ಫೋನು ಮಾಡುತ್ತೇನೆಂದು ಅವರಿಗೆ ಹೇಳಿಯೇ ಇದನ್ನು ಬರೆಯುತ್ತಿದ್ದೇನೆ. ಅವ್ವ ನನ್ನ ಜೊತೆ ಮಾತು ಬಿಟ್ಟು ಎರಡು ದಿನವಾಯಿತು.