ತಪಾಸಣೆ ಆಯಿತು, ಪಾಠ ಯಾವಾಗ?

ಮಗುವಿನ ಬುದ್ಧಿಮತ್ತೆ ಅಳೆಯಲು ನಮ್ಮ ದೇಶದ ಆಸ್ಪತ್ರೆಗಳಲ್ಲಿ ದಶಕಗಳಿಂದ ಬಳಕೆಯಲ್ಲಿರುವ ಬಿನೆ–ಕಾಮತ್ ಪರೀಕ್ಷೆ ರೂಪುಗೊಂಡದ್ದು ನಮ್ಮ ಸೀಮೆಯಲ್ಲೇ. ಫ್ರಾನ್ಸಿನ ಬಿನೆ ಮತ್ತು ಸಿಮೋನ್ 1905ರಲ್ಲಿ ಹೊಸೆದ ಪ್ರಶ್ನೆಗಳನ್ನು ವಿ. ವಿ. ಕಾಮತರು 1930ರ ದಶಕದಲ್ಲಿ ಮುಂಬಯಿ ಕರ್ನಾಟಕದ ಮಕ್ಕಳಿಗೆ ಕನ್ನಡ, ಮರಾಠಿಗಳಲ್ಲಿ ಒಗ್ಗಿಸಿದರು. 1940ರಲ್ಲಿ ಅದು ಪುಸ್ತಕವಾಯಿತು. ಮಗುವನ್ನು ಅದರ ಮಾತಿನಲ್ಲೇ ಕೇಳಬೇಕೆಂಬ ಆ ಶ್ರಮಕ್ಕೆ ನಮ್ಮಲ್ಲಿ ಸಲ್ಲಬೇಕಾದ ಗೌರವ ಇನ್ನೂ ಸಂದಿಲ್ಲ.

ಬಿನೆ ಪ್ರಶ್ನೆ ಹೊಸೆದದ್ದು ಮಕ್ಕಳಿಗೆ ಹಣೆಪಟ್ಟಿ ಹಚ್ಚಲಿಕ್ಕಲ್ಲ. ಯಾವ ಮಕ್ಕಳಿಗೆ ಬೇರೆ ಬಗೆಯ ಪಾಠ ಬೇಕೆಂದು ಗುರುತಿಸಲು ಫ್ರಾನ್ಸಿನ ಶಿಕ್ಷಣ ಇಲಾಖೆ ಕೇಳಿತ್ತು. ಬುದ್ಧಿ ಎಂದೂ ಬದಲಾಗದು ಎಂಬ ವಾದವನ್ನು ಅವರು ಒಪ್ಪುತ್ತಿರಲಿಲ್ಲ. ಅಳತೆಯ ಹಿಂದೆಯೇ ಪಾಠ ಬರಬೇಕಿತ್ತು. ನಮ್ಮಲ್ಲಿ ಅಳತೆ ಬಂತು, ಪಾಠ ಹಿಂದುಳಿಯಿತು. 1931ರವರೆಗಿನ ಬ್ರಿಟಿಷ್ ಜನಗಣತಿಗಳೂ ಕುರುಡರನ್ನು, ಕಿವುಡ–ಮೂಕರನ್ನು ಎಣಿಸಿ ಹೋದವು. ಎಣಿಕೆಗೆ ಸಿಕ್ಕ ಮಕ್ಕಳಲ್ಲಿ ಶಾಲೆ ಕಂಡವರು ಕೆಲವರೇ.

ಅದೇ ಕಾಲದಲ್ಲಿ, ಅದೇ ಮುಂಬಯಿ ಕರ್ನಾಟಕದಲ್ಲಿ, ಯಾವ ಪ್ರಮಾಣಪತ್ರವನ್ನೂ ಕೇಳದ ಶಾಲೆಯೊಂದು ಊರೂರು ತಿರುಗುತ್ತಿತ್ತು. ಹುಟ್ಟು ಅಂಧರಾದ ಪಂಚಾಕ್ಷರಿ ಗವಾಯಿಗಳನ್ನು (1892–1944) ಹಾನಗಲ್ಲ ಕುಮಾರಸ್ವಾಮಿಗಳು ಕೈಹಿಡಿದು ಸಂಗೀತ ಕಲಿಯಲು ಏರ್ಪಾಡು ಮಾಡಿದರು. ಗವಾಯಿಗಳು ತಾವು ಕಲಿತದ್ದನ್ನು ಅಂಧ, ಅನಾಥ ಹುಡುಗರಿಗೆ ಊಟ, ಆಸರೆಯೊಂದಿಗೆ ಕೊಟ್ಟರು. ಆ ಪಾಠಶಾಲೆಯೇ ಗದುಗಿನ ವೀರೇಶ್ವರ ಪುಣ್ಯಾಶ್ರಮವಾಗಿ ನೆಲೆ ನಿಂತಿತು; ಅವರ ಶಿಷ್ಯ ಪುಟ್ಟರಾಜ ಗವಾಯಿಗಳು 2010ರವರೆಗೂ ಅದನ್ನು ನಡೆಸಿದರು. ಅಲ್ಲಿ ಮಗುವಿನ ಕೊರತೆಯನ್ನು ಲೆಕ್ಕ ಹಾಕಲಿಲ್ಲ, ಕಿವಿ ಏನು ಹಿಡಿಯುತ್ತದೆ ಎಂದು ನೋಡಿದರು. ಆದರೆ ಬುದ್ಧಿ ನಿಧಾನವಾಗಿ ಬೆಳೆಯುವ ಮಗುವಿಗೆ ಇಂಥ ಗುರುಮನೆ ಯಾವುದಿತ್ತು?

ಇಂಡಿ ತಾಲ್ಲೂಕಿನ ಭೀಮಾ ದಂಡೆಯ ಅಗರಖೇಡದಲ್ಲಿ ಅಂಥ ಮಗುವೊಂದಿದೆ ಎಂದುಕೊಳ್ಳಿ. ವಯಸ್ಸು ಹತ್ತು, ಉತ್ತರ ಆರು ವರ್ಷದವರ ಮಟ್ಟದ್ದು. ಕಾಮತರ ಲೆಕ್ಕದಲ್ಲಿ ಬುದ್ಧ್ಯಂಕ 60. ಮೊದಲು ಜಾರಿಯಲ್ಲಿದ್ದ 2001ರ ಸರ್ಕಾರಿ ಮಾರ್ಗಸೂಚಿಯಂತೆ ಅದು ಶೇ. 50ರ ಅಂಗವೈಕಲ್ಯ; ಸೌಲಭ್ಯಕ್ಕೆ ಬೇಕಾದ ಶೇ. 40ರ ಗೆರೆ ದಾಟಿತು. ಕಾರ್ಡು ಬರುತ್ತದೆ, ಮಾಸಾಶನಕ್ಕೆ ಅರ್ಜಿ ಹೋಗುತ್ತದೆ. ಬಡ ಮನೆಗೆ ಆ ದುಡ್ಡು ಸಣ್ಣದಲ್ಲ, ಅದನ್ನು ಹಗುರವಾಗಿ ಕಾಣುವ ಹಕ್ಕು ನಮಗಿಲ್ಲ. ಆದರೆ ಉತ್ತರ ಹೇಳುವಾಗ ಆ ಮಗು ಹೆದರಿತ್ತೇ? ಮರಾಠಿ, ಉರ್ದು ಬೆರೆತ ತನ್ನೂರ ಮಾತಿಗೆ ಒಗ್ಗಿದ ಕಿವಿಗೆ ಪ್ರಶ್ನೆ ತಿಳಿದಿತ್ತೇ? ಅಪರಿಚಿತರ ಮುಂದೆ ಎಷ್ಟೋ ಮಕ್ಕಳು ಗೊತ್ತಿದ್ದರೂ ‘ಗೊತ್ತಿಲ್ರಿ’ ಎಂದುಬಿಡುತ್ತವೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 31ನೇ ಕಲಮು ಆರರಿಂದ ಹದಿನೆಂಟು ವರ್ಷದ ಇಂಥ ಮಕ್ಕಳಿಗೆ ನೆರೆಯ ಶಾಲೆಯಲ್ಲೋ ವಿಶೇಷ ಶಾಲೆಯಲ್ಲೋ ಉಚಿತ ಶಿಕ್ಷಣದ ಹಕ್ಕು ಕೊಟ್ಟಿದೆ. ಆಯ್ಕೆ ಮಗುವಿನದು, ಅಂದರೆ ಮನೆಯವರದು. ಅದಕ್ಕೇ ನಮ್ಮ ಬೇಡಿಕೆ ಇಷ್ಟು: ತಾಲ್ಲೂಕು ಕೇಂದ್ರದ ವೈದ್ಯಕೀಯ ಮೌಲ್ಯಾಂಕನ ಶಿಬಿರದಿಂದ ತಾಯಿ ಮನೆಗೆ ಒಯ್ಯುವ ಹಾಳೆಯಲ್ಲಿ ಶೇಕಡಾವಾರಿನ ಕೆಳಗೆ ಇನ್ನೂ ಮೂರು ಸಾಲಿರಲಿ. ಮಗು ಯಾವ ಶಾಲೆಗೆ ಹೋಗುತ್ತದೆ, ಯಾವ ಶಿಕ್ಷಕರು ಕಲಿಸುತ್ತಾರೆ, ಯಾವ ವಾರದಿಂದ.