ತೀರದ ಸಾಲ, ಮಕ್ಕಳ ನೌಕರಿ

ಪರೀಕ್ಷೆ ಪಾಸಾಗಿ, ಸಂದರ್ಶನ ಮುಗಿದು, ನೇಮಕದ ಆದೇಶ ಕೈಗೆ ಬಂದ ಮೇಲೂ ಹಳೆಯ ಸಾಲದ ದೆಸೆಯಿಂದ ನೌಕರಿ ತಪ್ಪಬಹುದೆ? ತಪ್ಪಬಹುದು. ಭಾರತೀಯ ಸ್ಟೇಟ್ ಬ್ಯಾಂಕು 2020ರಲ್ಲಿ ಅರ್ಜಿ ಕರೆದ ಅಧಿಕಾರಿ ಹುದ್ದೆಗೆ ಆಯ್ಕೆಯಾಗಿದ್ದ ಅಭ್ಯರ್ಥಿಯೊಬ್ಬರ ನೇಮಕವನ್ನು 2021ರಲ್ಲಿ ರದ್ದುಮಾಡಿತು. ಸಿಬಿಲ್ ವರದಿಯಲ್ಲಿ ಕಂತು ತಪ್ಪಿದ ದಾಖಲೆ ಇದ್ದುದೇ ಕಾರಣ. ಸಾಲ ತೀರಿಸಿಯಾಗಿದೆ ಎಂದು ಅವರು ವಾದಿಸಿದರೂ ಮದ್ರಾಸ್ ಹೈಕೋರ್ಟು 2025ರ ಜೂನ್‌ನಲ್ಲಿ ಬ್ಯಾಂಕಿನ ಕ್ರಮವನ್ನೇ ಎತ್ತಿಹಿಡಿಯಿತು. ಜನರ ಹಣ ನೋಡಿಕೊಳ್ಳುವವನಿಗೆ ಹಣದ ಶಿಸ್ತು ಇರಬೇಕು ಎಂಬುದು ತೀರ್ಪಿನ ಸಾರ.

ಸಾಲವನ್ನೂ ನಂಬಿಕೆಯನ್ನೂ ಹೀಗೆ ಒಟ್ಟಿಗೆ ತೂಗುವ ಪದ್ಧತಿ ಅಮೆರಿಕದಲ್ಲಿ ಬಹಳ ಬಿಗಿಯಾಗಿದೆ. ಅಲ್ಲಿ ಸರ್ಕಾರದ ಗುಟ್ಟಿನ ಕಾಗದಪತ್ರ ಮುಟ್ಟಬೇಕಾದವರು, ಸೈನಿಕರಾಗಲಿ ಗುತ್ತಿಗೆ ಕಂಪನಿಯ ಎಂಜಿನಿಯರ್ ಆಗಲಿ, 'ಸೆಕ್ಯುರಿಟಿ ಕ್ಲಿಯರೆನ್ಸ್' ಎಂಬ ಅನುಮತಿ ಪಡೆಯಬೇಕು. 2017ರಿಂದ ಜಾರಿಯಲ್ಲಿರುವ 13 ಮಾರ್ಗಸೂತ್ರಗಳಲ್ಲಿ ಒಂದು ಪೂರ್ತಿಯಾಗಿ ಹಣಕಾಸಿಗೇ ಮೀಸಲು. ಸಾಲದಲ್ಲಿ ಮುಳುಗಿದವನು ದುಡ್ಡಿಗಾಗಿ ಗುಟ್ಟು ಮಾರಿಯಾನು ಎಂಬ ಭಯ ಇದರ ಮೂಲ. ಭಯಕ್ಕೆ ಆಧಾರವೂ ಇದೆ. ಅಮೆರಿಕದ ಬೇಹುಗಾರಿಕೆ ಸಂಸ್ಥೆ ಸಿಐಎಯ ಅಧಿಕಾರಿ ಆಲ್ಡ್ರಿಚ್ ಏಮ್ಸ್ ಸಾಲದ ಒತ್ತಡದಲ್ಲಿ 1985ರಲ್ಲಿ 50,000 ಡಾಲರಿಗೆ ಸೋವಿಯತ್ ರಷ್ಯಕ್ಕೆ ಗುಟ್ಟು ಮಾರಲು ತೊಡಗಿದ. 1994ರಲ್ಲಿ ಸಿಕ್ಕಿಬಿದ್ದ. ವಿಚಿತ್ರವೆಂದರೆ ಅವನ ಮೇಲೆ ಅನುಮಾನ ತಂದದ್ದು ಸಾಲವಲ್ಲ, ದಿಢೀರನೆ ಬಂದ ಸಿರಿತನ. 5,40,000 ಡಾಲರಿನ ಮನೆಯನ್ನು ಒಂದೇ ಗಂಟಿಗೆ ಕೊಂಡಿದ್ದ!

ಆದಾಗ್ಯೂ ಸಾಲವಿದ್ದ ಮಾತ್ರಕ್ಕೆ ಅಲ್ಲಿ ಬಾಗಿಲು ಮುಚ್ಚುವುದಿಲ್ಲ. ಸಾಲ ಏಕೆ ಬಾಕಿ ಬಿತ್ತು ಎಂದು ಕೇಳುತ್ತಾರೆ. ಕೆಲಸ ಹೋದದ್ದು, ಮನೆಯಲ್ಲಿ ಕಾಯಿಲೆ ಸಾವು ಆದದ್ದು, ವ್ಯಾಪಾರ ಕುಸಿದದ್ದು ಇಂಥ ಕೈಮೀರಿದ ಕಾರಣಗಳಿದ್ದು, ಆಮೇಲೆ ಪ್ರಾಮಾಣಿಕವಾಗಿ ತೀರಿಸಲು ಹೊರಟಿದ್ದರೆ ಅದನ್ನು ಅಭ್ಯರ್ಥಿಯ ಪರವಾಗಿ ಪರಿಗಣಿಸುತ್ತಾರೆ. ಇದೇನೂ ನಮಗೆ ಹೊಸದಲ್ಲ. ನಮ್ಮ ಕೇಂದ್ರ ನೌಕರರ 1964ರ ನಡತೆ ನಿಯಮಗಳ 17ನೇ ನಿಯಮವೂ ಸದಾ ಸಾಲಗಾರನಾಗಿರುವುದು ತಪ್ಪೆಂದು ಹೇಳಿ, ಕೈಮೀರಿದ ಪರಿಸ್ಥಿತಿಯಿಂದ ಸಾಲವಾಯಿತು, ದುಂದಿನಿಂದಲ್ಲ ಎಂದು ತೋರಿಸಲು ನೌಕರನಿಗೆ ಅವಕಾಶವಿಟ್ಟಿದೆ.

ಬ್ಯಾಂಕಿನ ನೇಮಕದಲ್ಲಿ ಈ ವಿಚಾರಣೆಯೇ ಕಾಣುವುದಿಲ್ಲ. ನನ್ನ ಮಟ್ಟಿಗೆ ಕೊರತೆ ಇರುವುದು ಇಲ್ಲಿಯೇ. ಮಳೆ ಕೈಕೊಟ್ಟು ಕಂತು ತಪ್ಪಿತೋ, ಮೋಟಾರ್ ಬೈಕಿನ ಶೋಕಿಯಿಂದ ತಪ್ಪಿತೋ, ಸಿಬಿಲ್ ಅಂಕಿಗೆ ಎರಡೂ ಒಂದೇ. ಬೇಸಾಯದ ಮನೆಯ ಮಕ್ಕಳಿಗೆ ಇದು ಹೆಚ್ಚು ಬಾಧಕ.

ರೈತ ಬಾಂಧವರು ಒಂದು ಗೊಂದಲ ಬಿಡಬೇಕು. ತಂದೆಯ ಬೆಳೆಸಾಲ ಬಾಕಿ ಬಿದ್ದರೆ ಮಗನ ಹೆಸರು ಕೆಡುವುದಿಲ್ಲ. ಮಗ ಜಂಟಿ ಸಾಲಗಾರನೋ ಜಾಮೀನುದಾರನೋ ಆಗಿದ್ದರೆ ಮಾತ್ರ ಅವನ ದಾಖಲೆಗೂ ಅಂಟುತ್ತದೆ. ಟ್ರ್ಯಾಕ್ಟರ್ ಸಾಲಕ್ಕೆ ಓದುವ ಹುಡುಗನಿಂದ ಸಹಿ ಹಾಕಿಸುವ ಮನೆಗಳನ್ನು ನಾನೇ ಕಂಡಿದ್ದೇನೆ. ಶಿಕ್ಷಣ ಸಾಲದಲ್ಲಂತೂ ವಿದ್ಯಾರ್ಥಿಯೇ ಸಾಲಗಾರ. ಸಾಮಾನ್ಯವಾಗಿ ಓದು ಮುಗಿದ ಒಂದು ವರ್ಷಕ್ಕೆ ಕಂತು ಶುರುವಾಗುತ್ತದೆ, ನೌಕರಿ ಸಿಕ್ಕಿರಲಿ ಬಿಡಲಿ. ಆ ಕಾಲದಲ್ಲಿ ಸುಮ್ಮನಿರದೆ ಬ್ಯಾಂಕಿಗೆ ಹೋಗಿ ಕಂತನ್ನು ಮರುಹೊಂದಿಸಲು ಬರವಣಿಗೆಯಲ್ಲಿ ಕೇಳಬೇಕು.

ರಿಯಾಯಿತಿಯಲ್ಲಿ ಒಂದೇ ಸಲಕ್ಕೆ ಇತ್ಯರ್ಥ ಮಾಡಿಕೊಂಡ ಸಾಲ ವರದಿಯಲ್ಲಿ 'ಸೆಟಲ್ಡ್' ಎಂದು ಬರುತ್ತದೆ. ಅದು ಪೂರ್ತಿ ತೀರಿದ ಸಾಲಕ್ಕೆ ಸಮನಲ್ಲ. ಪೂರ್ತಿ ಕಟ್ಟಿದವರು ಬಾಕಿ ಇಲ್ಲವೆಂಬ ಪತ್ರ ಪಡೆದು ಪಾಸ್‌ಬುಕ್ಕಿನ ಜೊತೆ ಇಡಬೇಕು. ಐಬಿಪಿಎಸ್ ಮೂಲಕ ಬ್ಯಾಂಕು ಸೇರುವವರಿಗೆ, ವರದಿ ತಿದ್ದುಪಡಿಯಾಗಿರದಿದ್ದರೆ, ಇತ್ತೀಚಿನ ಪ್ರಕಟಣೆಗಳಲ್ಲಿ ಈ ಪತ್ರ ಕೇಳಿದ್ದಾರೆ.

ಸಿಬಿಲ್ ಸೇರಿದಂತೆ ನಾಲ್ಕು ಸಂಸ್ಥೆಗಳಿವೆ. 2017ರಿಂದ ಪ್ರತಿಯೊಂದೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಪುಕ್ಕಟೆ ಕೊಡಬೇಕು. ಮಕ್ಕಳು ಅರ್ಜಿ ಹಾಕುವ ಮೊದಲೇ ತರಿಸಿ ನೋಡಿ. ತಪ್ಪು ಕಂಡರೆ ದೂರು ಕೊಡಿ. 30 ದಿನದೊಳಗೆ ಸರಿಯಾಗದಿದ್ದರೆ ಆನಂತರದ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ರಿಸರ್ವ್ ಬ್ಯಾಂಕಿನ ನಿಯಮದಲ್ಲೇ ಇದೆ.