ಗಾಡಿ ಹೀಟ್ ಆದ್ರೆ ಬಿಸಿಲನ್ನ ಯಾಕೆ ಬೈತೀರಿ?

ಎಡದಂಡೆ ಕಾಲುವೆಯಲ್ಲಿ ಎರಡನೇ ಬೆಳೆಗೆ ನೀರು ಸಿಕ್ಕ ವರ್ಷ ನಮ್ಮ ಸಿಂಧನೂರು ಕಡೆ ಏಪ್ರಿಲ್ ತಿಂಗಳು ಹೆಂಗಿರ್ತದೆ ಅಂತ ಇಲ್ಲಿನವರಿಗೆ ಹೇಳೋದು ಬೇಡ. ಹಗಲು ರಾತ್ರಿ ಕಟಾವು ಮಷೀನು, ಗಾಳಿ ತುಂಬ ಹೊಟ್ಟು, ಮೇಲೆ ಬೆಂಕಿ ಸುರಿಯೋ ಬಿಸಿಲು. ಕಾಲುವೆ ರಸ್ತೆ ಗುಂಟ ಪ್ರತಿ ಎರಡು ಮೈಲಿಗೊಂದು ಗಾಡಿ ಬಾನೆಟ್ ಎತ್ತಿ ಅಥವಾ ಕ್ಯಾಬಿನ್ ಬಗ್ಗಿಸಿ ನಿಂತಿರ್ತದೆ. ಕೇಳಿದ್ರೆ ಎಲ್ಲರದ್ದೂ ಒಂದೇ ಮಾತು: "ಏನ್ ಬಿಸಿಲ್ರೀ ಈ ವರ್ಷ."

ಹೋದ ವರ್ಷದ ತನಕ ನಾನೂ ಅದೇ ಹೇಳ್ತಿದ್ದೆ.

ನಮ್ಮದು ಆರು ಚಕ್ರದ ಲಾರಿ, ಟರ್ಬೊ ಇಂಟರ್‌ಕೂಲರ್ ಇರೋ ಎಂಜಿನ್ನು. ಎರಡು ವರ್ಷದ ಹಿಂದೆ ಒಬ್ಬ ಮೆಕ್ಯಾನಿಕ್ ಲ್ಯಾಪ್‌ಟಾಪ್ ಹಚ್ಚಿ ರೀಮ್ಯಾಪ್ ಮಾಡಿಕೊಟ್ಟ. ಶೇಕಡಾ 20 ಪವರ್ ಜಾಸ್ತಿ ಅಂದ. ಸುಳ್ಳಲ್ಲ, ಕಾಲಿಟ್ಟರೆ ಗಾಡಿ ಎದ್ದು ಓಡ್ತಿತ್ತು. ಆದ್ರೆ ಪವರ್ ಎಲ್ಲಿಂದ ಬಂತು? ಹೆಚ್ಚು ಡೀಸೆಲ್ ಸುಟ್ಟು. ಸುಟ್ಟ ಡೀಸೆಲ್‌ನ ಶಾಖದಲ್ಲಿ ಚಕ್ರಕ್ಕೆ ಹೋಗೋದು ಸುಮಾರು ಮೂರರಲ್ಲೊಂದು ಪಾಲು. ಉಳಿದಿದ್ದು ಸೈಲೆನ್ಸರ್‌ನಿಂದಾದ್ರೂ ಹೋಗಬೇಕು, ರೇಡಿಯೇಟರ್‌ನಿಂದಾದ್ರೂ ಹೋಗಬೇಕು. ರೇಡಿಯೇಟರ್ ಮಾತ್ರ ಹಳೇದೇ.

ಇನ್ನೊಂದು ಲೆಕ್ಕ ನೋಡ್ರಿ. ರೇಡಿಯೇಟರ್ ಶಾಖ ಬಿಡೋದು ಒಳಗಿನ ನೀರಿಗೂ ಹೊರಗಿನ ಗಾಳಿಗೂ ಇರೋ ವ್ಯತ್ಯಾಸದ ಮೇಲೆ. ನೀರು 95 ಡಿಗ್ರಿ, ಗಾಳಿ 30 ಇದ್ದರೆ ವ್ಯತ್ಯಾಸ 65. ಗಾಳಿ 43 ಆದ್ರೆ ಅದು 52ಕ್ಕೆ ಇಳೀತು. ಅಂದ್ರೆ ಬೇಸಿಗೆ ನಿಮ್ಮ ರೇಡಿಯೇಟರ್‌ನ ಐದರಲ್ಲೊಂದು ಪಾಲು ಕಸಕೊಂಡಂಗೆ. ಬಿಸಿಲಿನ ತಪ್ಪು ಇಷ್ಟೇ. ಕಂಪನಿಯವರು ಇದನ್ನ ಲೆಕ್ಕ ಹಾಕೇ ಒಂದಿಷ್ಟು ಮಿಗಿಸಿ ಇಟ್ಟಿರ್ತಾರೆ. ಆ ಮಿಗಿಸಿದ್ದನ್ನ ತಿಂದವರು ನಾವು.

ನಾವು ಹೆಂಗೆ ತಿಂದ್ವಿ ಅಂತ ಮುಚ್ಚುಮರೆ ಇಲ್ದೆ ಹೇಳ್ತೀನಿ. ಕೂಲಂಟ್ ತುಟ್ಟಿ ಅಂತ ಬೋರ್‌ವೆಲ್ ನೀರು ಹಾಕಿದ್ವಿ. ನಮ್ಮ ಕಡೆ ಬೋರಿನ ನೀರು ಕಾಯಿಸಿದ ಪಾತ್ರೆ ತಳ ನೋಡಿದ್ರೆ ಸಾಕು, ಬಿಳೇ ಸುಣ್ಣ ಕಟ್ಟಿರ್ತದೆ. ಅದೇ ಸುಣ್ಣ ರೇಡಿಯೇಟರ್ ನಳಿಕೆ ಒಳಗೂ ಕೂರ್ತದೆ. ಆಮೇಲೆ ಯಾರೋ ಹೇಳಿದ್ರು ಅಂತ ಥರ್ಮೋಸ್ಟಾಟ್ ಕಿತ್ತು ಬಿಸಾಕಿದ್ವಿ, "ಅದೇ ನೀರಿಗೆ ಅಡ್ಡ" ಅಂತ. ಭಾಳ ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ಎರಡು ಕೆಲಸ ಮಾಡ್ತದೆ: ಬಿಸಿಯಾದಾಗ ರೇಡಿಯೇಟರ್ ದಾರಿ ತೆಗೀತದೆ, ಬೈಪಾಸ್ ದಾರಿ ಮುಚ್ತದೆ. ಕಿತ್ತರೆ ಬೈಪಾಸ್ ಸದಾ ತೆರೆದೇ ಇರ್ತದೆ, ಅರ್ಧಂಬರ್ಧ ಬಿಸಿನೀರು ರೇಡಿಯೇಟರ್ ಮುಖಾನೇ ನೋಡ್ದೆ ವಾಪಸ್ ಎಂಜಿನ್ನಿಗೆ. ಚಳಿಯಲ್ಲಿ ತಣ್ಣಗೆ ಓಡಿ ಡೀಸೆಲ್ ಕುಡೀತದೆ, ಲೋಡಿನಲ್ಲಿ ಕುದೀತದೆ. ಇದು ನಮ್ಮ ಎಂಜಿನ್ನಿಗೂ ಅನ್ವಯ ಅಂತ ನನಗೆ ತಿಳಿದದ್ದು ಎಲ್ಲಾ ಮುಗಿದ ಮೇಲೆ.

ಹೊಟ್ಟಿನ ಸಂಗತಿಯಂತೂ ಕೇಳಲೇಬೇಡ್ರಿ. ಮುಂದಿನಿಂದ ನೋಡಿದ್ರೆ ಜಾಳಿಗೆ ಸ್ವಚ್ಛ. ಆದ್ರೆ ಇಂಟರ್‌ಕೂಲರ್‌ಗೂ ರೇಡಿಯೇಟರ್‌ಗೂ ನಡುವಿನ ಸಂದಿಯಲ್ಲಿ ಬೆರಳ ದಪ್ಪ ಭತ್ತದ ಹೊಟ್ಟು, ಎಣ್ಣೆ ಧೂಳು ಸೇರಿ ಕಂಬಳಿ ಆಗಿತ್ತು. ಸರ್ವಿಸ್ ಸ್ಟೇಷನ್ನಿನವರು ಮುಂದಿನಿಂದ ಜೋರು ನೀರು ಹೊಡೆದು ಅದನ್ನ ಇನ್ನಷ್ಟು ಒಳಗೆ ದಬ್ಬಿದ್ದರು, ರೆಕ್ಕೆಗಳನ್ನೂ ಮಡಚಿದ್ದರು. ಎಂಜಿನ್ ಕಡೆಯಿಂದ ಹೊರಮುಖವಾಗಿ ಮೆಲ್ಲಗೆ ಹೊಡೀಬೇಕು.

ಆ ದಿನ ನನ್ನ ಅಣ್ಣನ ಮಗ ಭತ್ತ ತುಂಬಿಕೊಂಡು ಕಾರಟಗಿ ಮಿಲ್ಲಿಗೆ ಹೊರಟಿದ್ದ. ಕಾಲುವೆ ರಸ್ತೆ, ಎರಡನೇ ಗೇರು, ಹಿಂದಿನಿಂದ ಬೀಸೋ ಗಾಳಿ. ಎಂಜಿನ್ ಪೂರ್ತಿ ದುಡೀತಿದ್ರೂ ಮುಂದಿನಿಂದ ಗಾಳಿ ಇಲ್ಲ. ಮುಳ್ಳು ಕೆಂಪಿಗೆ ಹೋಯ್ತು ಅಂತ ಫೋನ್ ಮಾಡಿದ. ನಾನು ಏನಂದೆ ಗೊತ್ತಾ? "ನೀರು ಹಾಕ್ಕೊಂಡು ಬೇಗ ಹೋಗು, ಕಾಟಾ ಬಂದ್ ಆಗ್ತದೆ."

ಮುಚ್ಚಳದ ಒತ್ತಡದಲ್ಲಿ ನೀರು 100 ಡಿಗ್ರಿ ದಾಟಿದ್ರೂ ಕುದಿಯಲ್ಲ. ಮುಚ್ಚಳ ತಿರುವಿದ ಕ್ಷಣ ಒತ್ತಡ ಹೋಗಿ ಒಮ್ಮೆಲೇ ಕುದ್ದು ಹಬೆ ಸಮೇತ ಬಿಸಿನೀರು ಮೇಲೆ ಹಾರ್ತದೆ. ಹುಡುಗನ ಬಲಗೈ, ಕುತ್ತಿಗೆ ಸುಟ್ಟವು. 19 ದಿನ ಆಸ್ಪತ್ರೆ. ಹೆಡ್ ಕೂಡ ಬಾಗಿತ್ತು, ಅದರ ಖರ್ಚಿನ ಮಾತು ಬಿಡ್ರಿ.

ರೀಮ್ಯಾಪ್ ತಪ್ಪು ಅಂತ ನಾನು ಹೇಳ್ತಿಲ್ಲ. ಘಾಟ್ ಹತ್ತೋರು ಮಾಡಿಸ್ಕೊಳ್ಳಲಿ, ಜೊತೆಗೆ ದೊಡ್ಡ ರೇಡಿಯೇಟರ್ರೂ ಕೂರಿಸ್ಲಿ. ಸಿಂಧನೂರಿಂದ ಕಾರಟಗಿಗೆ ಯಾವ ಘಾಟ್ ಅದೆ ಅಂತ ನಾನು ಮಾಡಿಸಿದ್ದು? ಸೋಕಿ, ಮತ್ತೇನಿಲ್ಲ. ಈಗ ತೆಗೆಸಿ ಕಂಪನಿ ಮ್ಯಾಪಿಗೇ ಬಂದೀವಿ. ಹೊಸ ಥರ್ಮೋಸ್ಟಾಟ್ ಕೂತದೆ. ಡಿಸ್ಟಿಲ್ಡ್ ವಾಟರ್, ಕೂಲಂಟ್ ಅರ್ಧಕ್ಕರ್ಧ. ಬರೀ ಕೂಲಂಟ್ ಸುರಿಯೋರೂ ಅದಾರೆ, ಅದೂ ತಪ್ಪೇ, ಶಾಖ ಹೊರೋದು ಮುಖ್ಯವಾಗಿ ನೀರು. ಮುಚ್ಚಳದ ಸ್ಪ್ರಿಂಗು, ರಬ್ಬರು ವರ್ಷಕ್ಕೊಮ್ಮೆ ನೋಡಸ್ತೀವಿ. ಫ್ಯಾನಿನ ಸುತ್ತ ಇರೋ ಪ್ಲಾಸ್ಟಿಕ್ ಕವಚ ಒಡೆದಿತ್ತು, ಅದನ್ನೂ ಹಾಕಿಸಿದ್ವಿ. ಅದಿಲ್ಲ ಅಂದ್ರೆ ಫ್ಯಾನ್ ಅದೇ ಗಾಳೀನ ತಿರುತಿರುಗಿ ಬೀಸ್ತಿರ್ತದೆ. ಗ್ರಿಲ್ ಮುಂದೆ ಕಟ್ಟಿದ್ದ ಫ್ಲೆಕ್ಸ್ ಕಿತ್ತೆ. ನಿಂಬೆಹಣ್ಣು ಮೆಣಸಿನಕಾಯಿ ಇರಲಿ, ಅವಕ್ಕೆ ಗಾಳಿ ತಡೆಯೋ ತಾಕತ್ತಿಲ್ಲ.

ಮುಳ್ಳು ಏರಿದ್ರೆ ಎಸಿ ಬಂದ್ ಮಾಡಿ, ಹೀಟರ್ ಇದ್ರೆ ಪೂರ್ತಿ ಹಾಕಿ, ನೆರಳಿಗೆ ನಿಲ್ಲಿಸ್ರಿ. ನೀರು ಸೋರದೆ, ಹಬೆ ಏಳದೆ ಇದ್ರೆ ನ್ಯೂಟ್ರಲ್ಲಿನಲ್ಲಿ ಸ್ವಲ್ಪ ರೇಸ್ ಇಟ್ಟು ಓಡಿಸ್ರಿ, ಪಂಪು ಫ್ಯಾನು ಕೆಲಸ ಮಾಡ್ತಿರಲಿ. ಹಬೆ ಬಂದ್ರೆ ಕೂಡ್ಲೇ ಆಫ್. ಕಾದ ಎಂಜಿನ್ ಮೇಲೆ ತಣ್ಣೀರು ಸುರೀಬೇಡ್ರಿ. ಮುಚ್ಚಳ ಮುಟ್ಟೋದು ಮೇಲಿನ ಹೋಸ್ ಕೈಗೆ ತಣ್ಣಗೆ ಹತ್ತಿದ ಮೇಲೆ. ಒಂದು ತಾಸು ಹೋಗಲಿ, ಎರಡು ತಾಸು ಹೋಗಲಿ.

ಹುಡುಗ ಈ ಸೀಸನ್ನಿಗೆ ಮತ್ತೆ ಸ್ಟೇರಿಂಗ್ ಹಿಡಿದಾನೆ. ಉದ್ದ ತೋಳಿನ ಅಂಗಿ ಹಾಕ್ಕೊಂಡೇ ಓಡಸ್ತಾನೆ, ಈ ಸೆಕೆಯಲ್ಲೂ. ನಿನ್ನೆ ಫೋನ್ ಮಾಡಿದ್ದ, ಕಾಟಾ ಮುಂದೆ ಭಾಳ ಗಾಡಿ ನಿಂತಾವಂತೆ, ನಾಳೆ ಆಗಬಹುದು ಅಂದ. ಆಗ್ಲಿ ಬಿಡು ಅಂದೆ.